ಎರಡು ಮಡಿಕೆಯ ಹಲಗೆ

ಕರೆಯೋಲೆ ಅಚ್ಚು ಹಾಕುವವನಿಗೆ ಬೇಗ ತಲೆಗೆ ಹೋಗುವ ಪಾಠ ಒಂದಿದೆ. ಮುಹೂರ್ತ ಹತ್ತು ನಿಮಿಷ ಆಚೀಚೆ ಅಚ್ಚಾದರೆ ಜನ ಪೆನ್ನಿನಲ್ಲಿ ತಿದ್ದಿಕೊಂಡು ಹಂಚುತ್ತಾರೆ. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿನ ಕೆಳಗೆ ಇಳಿದರೆ ಮಾತ್ರ ಅಷ್ಟೂ ಕಾರ್ಡು ವಾಪಸು. ಬೆಳಕೆಯಿಂದ ದಿನಾ ಬಸ್ಸು ಹತ್ತಿ ಭಟ್ಕಳ ಪೇಟೆಗೆ ಬಂದು, ಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರಿನಲ್ಲಿ ‘ನುಡಿ’ ಕುಟ್ಟುವ ಕಾಲದವರೆಗೆ ಸಣ್ಣದೊಂದು ಪ್ರೆಸ್ಸು ನಡೆಸಿದವನು ನಾನು. ನಮ್ಮ ಕೇಸಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯುತ್ತಿದ್ದ ಮೊಳೆಗಳು ಎರಡು: ‘ಶ್ರೀ’ ಮತ್ತು ‘ದಿ’.

ನಮ್ಮ ಕಡೆ ಮದುವೆಗೆ ತೀರಿಹೋದವರೂ ಕರೆಯುತ್ತಾರೆ. ಅಜ್ಜ ಹೋಗಿ ಇಪ್ಪತ್ತು ವರ್ಷ ಆಗಿರಲಿ, ಮೊಮ್ಮಗಳ ಕಾರ್ಡಿನಲ್ಲಿ ಅವರ ಹೆಸರು ಇರಲೇಬೇಕು, ಅದೂ ಮೇಲಿನ ಸಾಲಿನಲ್ಲೇ. ಬದುಕಿದ್ದಾಗ ಯಾರೂ ಅವರನ್ನು ಒಂದು ಮಾತು ಕೇಳಿರುವುದಿಲ್ಲ, ಅದು ಬೇರೆ ವಿಷಯ. ಒಮ್ಮೆ ಒಬ್ಬ ಗಿರಾಕಿ ಪ್ರೂಫ್ ನೋಡುವಾಗ ಊರಿಂದ ಫೋನು ಬಂತು. ಮಾತಾಡಿ ಮುಗಿಸಿದವರು ಸುಮ್ಮನೆ ನನ್ನ ಪೆನ್ನು ತೆಗೆದುಕೊಂಡು ಒಂದು ಹೆಸರಿನ ಹಿಂದಿನ ‘ಶ್ರೀ’ ಹೊಡೆದು ‘ದಿ’ ಬರೆದರು. ಸೋದರಮಾವ. ಮೈಲಿಗೆಗೆ ಮದುವೆಯೇನೂ ನಿಲ್ಲಲಿಲ್ಲ, ತಾರೀಖು ಮುಂದೆ ಹೋಯಿತು ಅಷ್ಟೇ. ಹೊಸ ಕಾರ್ಡಿನಲ್ಲಿ ಮಾವನಿಗೆ ಎರಡು ಸಾಲು ಮೇಲೆ ಬಡ್ತಿಯೂ ಸಿಕ್ಕಿತು.

ಇಂಥ ಕಾರ್ಡುಗಳನ್ನೇ ನೋಡಿ ಕಣ್ಣು ಸವೆಸಿಕೊಂಡವನಿಗೆ, ಕ್ರೈಸ್ತರ ಮೊದಲ ಶತಮಾನಗಳ ಪೂಜೆಯಲ್ಲಿ ಎರಡು ಮಡಿಕೆಯ ಹಲಗೆಯೊಂದು ಇರುತ್ತಿತ್ತೆಂದು ಓದಿದಾಗ, ನಮ್ಮ ಕಸುಬಿನ ಹಿರಿಯರು ಯಾರೆಂದು ಗೊತ್ತಾಯಿತು. ಅದಕ್ಕೆ ಡಿಪ್ಟಿಕ್ ಎನ್ನುತ್ತಾರೆ. ಮರದ್ದೋ ದಂತದ್ದೋ ಎರಡು ಹಲಗೆ, ನಡುವೆ ಬಿಜಾಗರಿ, ನಮ್ಮ ಮದುವೆ ಕಾರ್ಡಿನಂತೆಯೇ ಮಡಚುವಂಥದ್ದು. ಒಂದು ಮಡಿಕೆಯಲ್ಲಿ ಬದುಕಿರುವವರು, ಇನ್ನೊಂದರಲ್ಲಿ ತೀರಿಹೋದವರು. ರೊಟ್ಟಿ ಮತ್ತು ದ್ರಾಕ್ಷಾರಸ ಅರ್ಪಿಸುವ ಹೊತ್ತಿನಲ್ಲಿ ಡೀಕನ್ ಎನ್ನುವ ಸಹಾಯಕ ಆ ಹಲಗೆ ಬಿಡಿಸಿಕೊಂಡು ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಹಲಗೆ ಮಡಚಿದರೆ ಇವರೂ ಅವರೂ ಮುಖಕ್ಕೆ ಮುಖ.

ಹಲಗೆಗಳಲ್ಲಿ ಕೆಲವು ಮರುಬಳಕೆಯವು ಎಂಬುದು ನನಗೆ ಇನ್ನೂ ಇಷ್ಟವಾದ ಸಂಗತಿ. ರೋಮಿನಲ್ಲಿ ಕಾನ್ಸಲ್ ಪದವಿಗೆ ಏರಿದ ದೊಡ್ಡ ಮನುಷ್ಯರು ತಮ್ಮದೇ ಚಿತ್ರ ಕೆತ್ತಿಸಿದ ದಂತದ ಜೋಡಿ ಹಲಗೆಯನ್ನು ಬೇಕಾದವರಿಗೆ ಹಂಚುತ್ತಿದ್ದರು. 487ರಲ್ಲಿ ಕಾನ್ಸಲ್ ಆಗಿದ್ದ ಬೊಯೇಥಿಯಸನ ಹಲಗೆ ಇಟಲಿಯ ಬ್ರೆಶಾ ಊರಿನ ಮ್ಯೂಸಿಯಮ್ಮಿನಲ್ಲಿ ಇವತ್ತೂ ಇದೆ. ಹೊರಮೈಯಲ್ಲಿ ಕಾನ್ಸಲ್ ಸಾಹೇಬರು ಠೀವಿಯಿಂದ ಇದ್ದಾರೆ. ಒಳಮೈಯಲ್ಲಿ, ಅವರ ಕಾಲ ಮುಗಿದ ಎಷ್ಟೋ ವರ್ಷದ ಮೇಲೆ, ಯಾವುದೋ ಇಗರ್ಜಿಯವರು ಪ್ರಾರ್ಥನೆಯಲ್ಲಿ ನೆನೆಯಬೇಕಾದವರ ಹೆಸರು ಬರೆದುಕೊಂಡಿದ್ದಾರೆ. ಉಳಿದ ಕಾರ್ಡಿನ ಬೆನ್ನಿಗೆ ಕೊಟೇಶನ್ ಬರೆದು ಕೊಡುತ್ತಿದ್ದ ನನಗೆ ಇದರಲ್ಲಿ ಅನುಚಿತವೇನೂ ಕಾಣಲಿಲ್ಲ.

ಹೆಸರು ಓದುವ ಪದ್ಧತಿ ಬಂದಲ್ಲಿ ಹೆಸರಿನ ಆಸೆ ಬಾರದೆ ಇರುತ್ತದೆಯೇ? ಬೆತ್ಲೆಹೇಮಿನಲ್ಲಿ ಕೂತು ಬೈಬಲ್ಲಿಗೆ ವ್ಯಾಖ್ಯಾನ ಬರೆಯುತ್ತಿದ್ದ ಜೆರೋಮ್ ಮಹಾ ಸಿಡುಕ. ಐದನೆಯ ಶತಮಾನದ ಮೊದಲ ಭಾಗದಲ್ಲಿ ಅವನು ಗೊಣಗುತ್ತಾನೆ: ಡೀಕನ್ ಸಭೆಯ ಎದುರು ಇಂಥವಳು ಇಷ್ಟು ಕೊಟ್ಟಳು, ಇಂಥವನು ಇಷ್ಟು ಕೊಡುತ್ತೇನೆಂದ ಎಂದು ಓದುತ್ತಾನೆ, ಅವರು ಜನರ ಚಪ್ಪಾಳೆಗೆ ಉಬ್ಬುತ್ತಾರೆ, ಅಂತ. ‘ಕೊಡುತ್ತೇನೆಂದ’ ಎನ್ನುವುದನ್ನು ಗಮನಿಸಬೇಕು. ಕೊಟ್ಟವನಿಗಿಂತ ಕೊಡುತ್ತೇನೆಂದವನ ಹೆಸರು ಮೈಕಿನಲ್ಲಿ ಹೆಚ್ಚು ಸಲ ಬರುವುದು ನಮ್ಮ ಯಕ್ಷಗಾನದ ಹರಕೆ ಆಟದ ರಂಗಸ್ಥಳದಲ್ಲೂ ಇದ್ದದ್ದೇ. ಭಾಗವತರು ಜಾಗಟೆ ಹಿಡಿದು ಕಾಯುತ್ತಿರುತ್ತಾರೆ, ಕಾರ್ಯದರ್ಶಿಗಳು ದಾನಿಗಳ ಪಟ್ಟಿ ಮುಗಿಸುವುದಿಲ್ಲ. ಜೆರೋಮನನ್ನು ಕುಮಟೆಯ ಒಂದು ಆಟಕ್ಕೆ ಕರೆದುಕೊಂಡು ಹೋಗಬೇಕಿತ್ತು.

416ರಲ್ಲಿ ಪೋಪ್ ಮೊದಲನೆಯ ಇನ್ನೋಸೆಂಟ್ ಇಟಲಿಯ ಗುಬ್ಬಿಯೊ ಊರಿನ ಬಿಷಪ್ಪನಿಗೆ ಕಾಗದ ಬರೆದು, ಹೆಸರುಗಳನ್ನು ಯಾವಾಗ ಓದಬೇಕು ಎಂಬ ತಕರಾರನ್ನು ತೀರ್ಮಾನಿಸಿದ. ಕಾಣಿಕೆಯನ್ನು ದೇವರಿಗೆ ಒಪ್ಪಿಸಿದ ಮೇಲೆ ಹೆಸರು ಓದಿ, ಅದಕ್ಕೆ ಮೊದಲೇ ಓದುವ ಅವಸರ ಏತಕ್ಕೆ ಎಂಬುದು ಅವನ ಮಾತಿನ ಸಾರ. ದೇವರಿಗೆ ಗೊತ್ತಿಲ್ಲದ್ದು ಏನೂ ಇಲ್ಲವಲ್ಲ ಎಂದು ನಡುವೆ ಸೇರಿಸುತ್ತಾನೆ. ಹಾಗಿದ್ದ ಮೇಲೆ ಓದುವುದಾದರೂ ಯಾಕೆ ಎಂದು ಗುಬ್ಬಿಯೊದ ಯಾವ ತಲೆಹರಟೆಯೂ ಕೇಳಲಿಲ್ಲವೇನೋ. ನನ್ನನ್ನು ಕೇಳಿದರೆ ಉತ್ತರ ಸುಲಭ. ಓದುವುದು ದೇವರಿಗೆ ತಿಳಿಸುವುದಕ್ಕಲ್ಲ, ಹಿಂದಿನ ಬೆಂಚಿನಲ್ಲಿ ಕೂತ ಹೆಂಡತಿ ಮಕ್ಕಳ ಕಿವಿಗೆ. ನಮ್ಮ ದೇವಸ್ಥಾನಗಳಲ್ಲಿ ಅರ್ಚನೆಗೆ ಹೆಸರು, ನಕ್ಷತ್ರ, ಗೋತ್ರ ಹೇಳಿಸಿಕೊಂಡು ಮಂತ್ರದ ನಡುವೆ ಅದನ್ನು ಉಚ್ಚರಿಸುವಾಗ, ಕಣ್ಣು ಮುಚ್ಚಿ ನಿಂತ ಎಂಥ ಭಕ್ತನೂ ಆ ಒಂದು ಕ್ಷಣ ಕಿವಿ ನಿಮಿರಿಸುತ್ತಾನೆ.

ಓದುವುದು ಗೌರವವಾದಾಗ ಓದದೆ ಬಿಡುವುದು ಶಿಕ್ಷೆ. ಮೂರನೆಯ ಶತಮಾನದ ನಡುವೆ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಎದುರು ಒಂದು ಉಯಿಲಿನ ಪ್ರಕರಣ ಬಂತು. ಜೆಮಿನಿಯಸ್ ವಿಕ್ಟರ್ ಎಂಬವನು ಸಾಯುವ ಮುಂಚೆ ಒಬ್ಬ ಪಾದ್ರಿಯನ್ನು ತನ್ನ ಉಯಿಲಿನಲ್ಲಿ ಮೇಲ್ವಿಚಾರಕನನ್ನಾಗಿ ನೇಮಿಸಿದ್ದ. ಪಾದ್ರಿಗಳು ಲೌಕಿಕ ಲೇವಾದೇವಿಗೆ ಸಿಕ್ಕಬಾರದೆಂದು ಬಿಷಪ್ಪರುಗಳ ಕಟ್ಟಳೆ ಇತ್ತು. ಹಾಗಾಗಿ ವಿಕ್ಟರನ ಹೆಸರಿನಲ್ಲಿ ಅರ್ಪಣೆ ಬೇಡ, ಪೂಜೆಯಲ್ಲಿ ಅವನ ಹೆಸರು ಬೇಡ ಎಂದು ತೀರ್ಪಾಯಿತು. ಸತ್ತವನಿಗೆ ದಂಡ! ನಮ್ಮ ಕೋರ್ಟುಗಳಲ್ಲಾದರೆ ಸತ್ತವನ ಮೇಲಿನ ಕ್ರಿಮಿನಲ್ ಕೇಸು ಅಲ್ಲಿಗೇ ಮುಗಿಯುತ್ತದೆ.

ದೊಡ್ಡವರ ಕತೆ ಇನ್ನೂ ದೊಡ್ಡದು. ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ಆಗಿದ್ದ ಜಾನ್ ಕ್ರಿಸೊಸ್ಟಂ ಅರಮನೆಯ ಕೋಪಕ್ಕೆ ತುತ್ತಾಗಿ 407ರಲ್ಲಿ ಗಡಿಪಾರಿನಲ್ಲೇ ಸತ್ತ. ಹಲಗೆಯಲ್ಲಿ ಅವನ ಹೆಸರಿಗೆ ಜಾಗವಿಲ್ಲ. ಊರಿನ ಜನ ಬಿಡಲಿಲ್ಲ. ಅವನ ಸ್ಥಾನದಲ್ಲಿ ಕೂತಿದ್ದ ಅಟಿಕಸ್ ಕಡೆಗೆ ಗಲಾಟೆಗೆ ಹೆದರಿಯೋ ಬೇಸತ್ತೋ ಹೆಸರು ಸೇರಿಸಿದ, ನೀವೂ ಸೇರಿಸಿಕೊಳ್ಳಿ ಎಂದು ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ಲನಿಗೆ ಬರೆದ. ಸಿರಿಲ್ಲನೋ, ಹಾಗಾದರೆ ಯೂದನನ್ನೂ ಅಪೊಸ್ತಲರ ಸಾಲಿಗೆ ವಾಪಸು ಸೇರಿಸೋಣವೇ ಎಂಬ ಧಾಟಿಯಲ್ಲಿ ಉತ್ತರ ಕೊಟ್ಟ. ಇಬ್ಬರು ಸಂಭಾವಿತರು ಒಂದು ಹೆಸರಿಗಾಗಿ ಹೀಗೆ ಕಾಗದ ಬರೆದುಕೊಳ್ಳುವುದನ್ನು ಓದುತ್ತ ನನಗೆ ಪ್ರೆಸ್ಸಿನ ಬಾಗಿಲಲ್ಲಿ ಬೀಗರಿಬ್ಬರು ಪ್ರೂಫ್ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು. 484ರಲ್ಲಿ ರೋಮಿನ ಪೋಪನೂ ಕಾನ್‌ಸ್ಟಾಂಟಿನೋಪಲ್ಲಿನ ಬಿಷಪ್ ಅಕಾಸಿಯಸನೂ ಜಗಳವಾಡಿ, ಅಕಾಸಿಯಸ್ ಪೋಪನ ಹೆಸರನ್ನು ಹಲಗೆಯಿಂದ ಅಳಿಸಿದ. ಮೂವತ್ತೈದು ವರ್ಷ ಎರಡು ಊರು ಮಾತು ಬಿಟ್ಟವು. 519ರಲ್ಲಿ ರಾಜಿಯಾದಾಗ ರೋಮ್ ಕೇಳಿದ ಬೆಲೆ ಅಕಾಸಿಯಸನ ಹೆಸರು. ಅವನದೊಂದೇ ಅಲ್ಲ, ನಂತರ ಬಂದ ನಾಲ್ವರು ಬಿಷಪ್ಪರದೂ, ಝೀನೊ ಮತ್ತು ಅನಸ್ತಾಸಿಯಸ್ ಎಂಬ ಇಬ್ಬರು ಚಕ್ರವರ್ತಿಗಳದೂ ಅಳಿಯಿತು. ಅಷ್ಟು ಹೊತ್ತಿಗೆ ಅವರೆಲ್ಲ ಮಣ್ಣಾಗಿದ್ದರು.

ಈ ಗದ್ದಲದ ನಡುವೆ ಒಬ್ಬ ಹೆಂಗಸಿನ ಮಾತು ನನಗೆ ಹಿಡಿಸಿದ್ದು. ಸಂತ ಅಗಸ್ಟೀನನ ತಾಯಿ ಮೋನಿಕಾ. 387ರಲ್ಲಿ ಆಫ್ರಿಕಕ್ಕೆ ಹಡಗು ಹತ್ತುವುದಕ್ಕೆಂದು ಒಸ್ತಿಯ ಬಂದರಿನಲ್ಲಿ ಕಾಯುತ್ತಿರುವಾಗ ಜ್ವರ ಬಂದು ಮಲಗಿದಳು. ಊರಿನಲ್ಲಿ ಗಂಡನ ಪಕ್ಕದಲ್ಲಿ ಮಣ್ಣಾಗಬೇಕೆಂದು ಮೊದಲೆಲ್ಲ ಬಹಳ ಆಸೆ ಇಟ್ಟುಕೊಂಡಿದ್ದವಳು, ಈಗ ಮಕ್ಕಳನ್ನು ಕರೆದು ಈ ದೇಹ ಎಲ್ಲಿ ಬೇಕಾದರೂ ಹೂಳಿ, ನೀವು ಎಲ್ಲೇ ಇದ್ದರೂ ಪೂಜೆಯ ಪೀಠದ ಹತ್ತಿರ ನನ್ನನ್ನು ನೆನೆಸಿಕೊಳ್ಳಿ, ಅಷ್ಟು ಸಾಕು ಎಂದಳು. ಮಗ ಅದನ್ನು ನಡೆಸಿದ ರೀತಿ ನೋಡಿ. ತನ್ನ ಆತ್ಮಕತೆಯ ಒಂಬತ್ತನೆಯ ಭಾಗದ ಕೊನೆಗೆ, ಇದನ್ನು ಓದುವವರೆಲ್ಲ ನನ್ನ ತಾಯಿ ಮೋನಿಕಾಳನ್ನೂ ತಂದೆ ಪ್ಯಾಟ್ರಿಸಿಯಸನನ್ನೂ ಪೂಜೆಯಲ್ಲಿ ನೆನೆಯಬೇಕೆಂದು ಕೇಳಿಕೊಂಡ. ಇಡೀ ಪುಸ್ತಕದಲ್ಲಿ ಅವಳ ಹೆಸರು ಬರುವುದು ಆ ಒಂದು ಕಡೆಯಲ್ಲಿ ಮಾತ್ರ. ಉಳಿದೆಡೆ ಬರೀ ‘ತಾಯಿ’. ಪಟ್ಟಿ ಓದುವ ಕೆಲಸವನ್ನು ಊರಿನ ಡೀಕನ್ನಿನಿಂದ ಕಿತ್ತು ಗುರುತು ಪರಿಚಯವಿಲ್ಲದ ಓದುಗರಿಗೆ ಹಚ್ಚಿಬಿಟ್ಟ. ಹದಿನಾರು ಶತಮಾನದಿಂದ ಆ ಬಿಟ್ಟಿ ಚಾಕರಿ ನಡೆಯುತ್ತಿದೆ.

ನಮ್ಮ ಕಡೆಗೆ ಬರುತ್ತೇನೆ. ಹೊನ್ನಾವರ, ಚಂದಾವರ, ಭಟ್ಕಳದ ಕ್ರೈಸ್ತರು ಬಹುತೇಕ ಕೊಂಕಣಿ ಮಾತಾಡುವ ಕೆಥೊಲಿಕರು. ನಾನೂ ಕೊಂಕಣಿಯವನೇ, ಕೊಂಕಣಿ ಬೇರೆ ಅಷ್ಟೆ. ಅವರದರಲ್ಲಿ ಪೋರ್ಚುಗೀಸ್ ಒಗ್ಗರಣೆ, ನಮ್ಮದರಲ್ಲಿ ಸಂಸ್ಕೃತದ್ದು. ಕೆಳದಿಯ ಅರಸರು 1678ರಲ್ಲಿ ಪೋರ್ಚುಗೀಸರೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಈ ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಅನುಮತಿ ಇತ್ತು. ಅದಾದ ಮೂರೇ ವರ್ಷಕ್ಕೆ ಗೋವಾದಿಂದ ಬಂದ ಪಾದ್ರಿ ಜೋಸೆಫ್ ವಾಜ್ ಕೆನರಾದಲ್ಲಿ ಊರೂರು ತಿರುಗಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅಂದರೆ ‘ಇವರ ಆತ್ಮಕ್ಕಾಗಿ ಬೇಡಿಕೊಳ್ಳಿ’ ಎನ್ನುವ ಸಾಲಿನಿಂದ ‘ನಮಗಾಗಿ ಬೇಡಿಕೊಳ್ಳಿ’ ಎನ್ನುವ ಸಾಲಿಗೆ ದಾಟುವ ಕೆಲಸ ಅಲ್ಲಿಗೆ ಪೂರ್ತಿಯಾಯಿತು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರವರೆಗೆ ಸೆರೆಯಲ್ಲಿ ಸತ್ತವರಲ್ಲಿ ಎಷ್ಟೋ ಜನರ ಹೆಸರು ಹೇಳುವವರೂ ಉಳಿಯಲಿಲ್ಲ. ಕೆಥೊಲಿಕರು ಬಲಿಪೂಜೆ ಎನ್ನುವ ಆ ರೊಟ್ಟಿ ದ್ರಾಕ್ಷಾರಸದ ಪೂಜೆಯ ಪ್ರಾರ್ಥನೆಗಳಲ್ಲಿ ಒಂದರಲ್ಲಿ, ಯಾರ ನಂಬಿಕೆ ದೇವರಿಗೆ ಮಾತ್ರ ಗೊತ್ತೋ ಅಂಥ ಸತ್ತವರೆಲ್ಲರನ್ನೂ ನೆನೆಯುವ ಒಂದು ತುಣುಕಿದೆ. ನನ್ನ ಭಾಷೆಯಲ್ಲಿ ಅದು ಕಾರ್ಡಿನ ಕೊನೆಯ ‘ಹಾಗೂ ಬಂಧುಮಿತ್ರರು’. ಜಗಳ ತಪ್ಪಿಸಲು ನಾವು ಹಾಕುವುದು, ಅಲ್ಲಿ ಮಾತ್ರ ಅದಕ್ಕೆ ನಿಜವಾದ ಕೆಲಸವಿದೆ.

ಇವತ್ತಿನ ಬಲಿಪೂಜೆಯಲ್ಲಿ ಬದುಕಿರುವವರ ಮಡಿಕೆ ಎನ್ನಬಹುದಾದ ಕಡೆ ಮೊದಲು ಬರುವುದು ಪೋಪರ ಹೆಸರು, ನಂತರ ಆ ಪ್ರಾಂತದ ಬಿಷಪ್ಪರದು. ನಮ್ಮ ಜಿಲ್ಲೆಯಲ್ಲಿ ಈ ಎರಡನೆಯ ಸಾಲು ಬಹಳ ಊರು ತಿರುಗಿದೆ. 1953ರವರೆಗೆ ಗೋವಾದ ಆರ್ಚ್‌ಬಿಷಪ್, ಆಮೇಲೆ ಹೊಸದಾಗಿ ಹುಟ್ಟಿದ ಬೆಳಗಾವಿಯ ಬಿಷಪ್, 1976ರಿಂದ ಕಾರವಾರದ ಬಿಷಪ್. ಸರ್ಕಾರವೂ ನಮ್ಮನ್ನು 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ, 1956ರಲ್ಲಿ ಮುಂಬಯಿಯಿಂದ ಮೈಸೂರಿಗೆ ಹೀಗೇ ದಾಟಿಸಿತ್ತು. ಹೊನ್ನಾವರದ ಅಜ್ಜಿಯೊಬ್ಬಳು ಕೂತ ಬೆಂಚು ಬದಲಿಸದೆ ಮೂರು ಊರಿನ ಬಿಷಪ್ಪರಿಗೆ ಆಮೆನ್ ಹೇಳಿರಬಹುದು. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡರು, ಮೇ 8ಕ್ಕೆ ಲಿಯೋ ಬಂದರು. ನಡುವಿನ ಎರಡೂವರೆ ವಾರ ಮೊದಲ ಸಾಲು ಖಾಲಿ. ಹೆಸರು ಬರಬೇಕಾದಲ್ಲಿ ಬಾಯಿ ತಡವರಿಸಿ ಹಳೆಯ ಹೆಸರೇ ಬಂದುಬಿಟ್ಟ ಪಾದ್ರಿಗಳು ಜಗತ್ತಿನಲ್ಲಿ ಎಷ್ಟೋ ಮಂದಿ ಇದ್ದಿರಬೇಕು.

ಹಳೆಯ ಪದ್ಧತಿಯನ್ನು ಇಡಿಯಾಗಿ ಕೇಳಬೇಕೆಂದರೆ ಭಟ್ಕಳದಿಂದ ದಕ್ಷಿಣಕ್ಕೆ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋಗಬೇಕು. ಅಲ್ಲಿನ ಒಂದಷ್ಟು ಕೊಂಕಣಿ ಕುಟುಂಬಗಳು ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯವು. ಕರಾವಳಿಯ ಇಗರ್ಜಿಗಳು ಪೋರ್ಚುಗಲ್ ದೊರೆಯ ಅಧೀನವೋ ನೇರ ರೋಮಿನ ಅಧೀನವೋ ಎಂಬ ಹಳೆಯ ಜಗಳಕ್ಕೆ 1886ರಲ್ಲಿ ರೋಮೂ ಪೋರ್ಚುಗಲ್ಲೂ ಒಂದು ಒಪ್ಪಂದ ಮಾಡಿಕೊಂಡವು. ಅದು ಕೆಲವರಿಗೆ ರುಚಿಸಲಿಲ್ಲ. ಗೋವಾದ ಪಾದ್ರಿ ಆಲ್ವಾರಿಸ್ ರೋಮನ್ನು ಬಿಟ್ಟು 1889ರಲ್ಲಿ ಕೇರಳದಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪ್ ಆದರು. ಬ್ರಹ್ಮಾವರದ ಪಾದ್ರಿ ನೊರೊನ್ಹಾ ಅವರ ಜೊತೆ ನಿಂತರು. ಒಂದು ಪಟ್ಟಿಯಿಂದ ಹೆಸರು ಹೋಯಿತು, ಇನ್ನೊಂದು ಪಟ್ಟಿಗೆ ಬಂತು. ಆ ಸಂಪ್ರದಾಯದ ಪೂಜೆಯಲ್ಲಿ ಇವತ್ತಿಗೂ ತುಬ್ದೇನ್ ಎಂಬ ಆರು ಸ್ಮರಣೆಗಳು ಸಾಲಾಗಿ ಬರುತ್ತವೆ. ಮೂರು ಬದುಕಿರುವವರಿಗೆ: ಗುರುಹಿರಿಯರು, ಸಹೋದರ ಭಕ್ತರು, ರಾಜರು. ಮೂರು ದಾಟಿದವರಿಗೆ: ದೇವಮಾತೆ ಮತ್ತು ಸಂತರು, ಮತಪಂಡಿತರು, ಕಡೆಗೆ ಅಗಲಿದ ಎಲ್ಲ ಭಕ್ತರು. ರಾಜರ ಕಾಲ ಮುಗಿದರೂ ಆ ಜಾಗ ತೆಗೆದಿಲ್ಲ. ಕೆಳದಿ, ಹೈದರ್, ಕಂಪನಿ, ರಾಣಿ ಎಲ್ಲರನ್ನೂ ಕಂಡ ಕರಾವಳಿಯಲ್ಲಿ ಒಂದು ಕುರ್ಚಿ ಖಾಲಿ ಇಟ್ಟಿರುವುದು ಜಾಣತನವೇ.

ಇನ್ನು ನಮ್ಮ ಬಾಯಮ್ಮ. ನಮ್ಮ ಮನೆಯ ಎರಡು ಹಿತ್ತಲು ಆಚೆ ಇರುವ ಕೆಥೊಲಿಕರು, ಬಾಯಮ್ಮ ಎಂಬುದು ನಾವು ಕರೆಯುವ ರೀತಿ ಅಷ್ಟೆ. ಹೆಸರಿನ ಬಗ್ಗೆ ಇಷ್ಟು ಬರೆಯುತ್ತ ಅವರ ಹೆಸರನ್ನೇ ಬರೆದಿಲ್ಲವಲ್ಲ ಎಂದರೆ, ಅವರೇ ಬೇಡ ಅಂದಿದ್ದಾರೆ. “ಪೇಪರಲ್ಲಿ ಎಲ್ಲ ಬೇಡ ಪ್ರೆಸ್ಸಿನವ್ರೇ. ನಾನು ಹೋದ ಮೇಲೆ ಪಾದ್ರಿ ಓದಿದ್ರೆ ಸಾಕು.” ಅವರ ಗಂಡ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದರು. ನನ್ನ ಟ್ರೆಡಲ್ಲಿನ ಕಾಲುಮಣೆ ಮುರಿದಾಗೆಲ್ಲ ಬಂದು ಬೆಸೆದು ಕೊಟ್ಟು, ದುಡ್ಡು ಕೊಡಲು ಹೋದರೆ ಮಕ್ಕಳ ಮದುವೆ ಕಾರ್ಡಿಗೆ ಹಿಡಿದುಕೊಳ್ಳಿ ಎನ್ನುತ್ತಿದ್ದರು. ಹಾಗೇ ಹಿಡಿದುಕೊಂಡೆವು.

ನವೆಂಬರ್ 2 ಕೆಥೊಲಿಕರಿಗೆ ಸಕಲ ಆತ್ಮಗಳ ದಿನ. ಫ್ರಾನ್ಸಿನ ಕ್ಲುನಿ ಮಠದ ಒಡಿಲೊ ಸುಮಾರು 998ರಲ್ಲಿ ತನ್ನ ಮಠಗಳಿಗೆಲ್ಲ ಹಾಕಿದ ಪದ್ಧತಿ ಅದು. ಪಾದ್ರಿಗಳು ಅಂದು ಮೂರು ಬಲಿಪೂಜೆ ಮಾಡಬಹುದೆಂಬ ಸವಲತ್ತು ಮೊದಲು ಸ್ಪೇನ್, ಪೋರ್ಚುಗಲ್ಲುಗಳಲ್ಲಿತ್ತು. ಮಹಾಯುದ್ಧದಲ್ಲಿ ಸತ್ತವರ ಲೆಕ್ಕ ಏರಿದ್ದ 1915ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟ್ ಅದನ್ನು ಎಲ್ಲ ಕಡೆಗೂ ಕೊಟ್ಟರು. ಅಕ್ಟೋಬರ್ ಕೊನೆಗೆ ಮಳೆ ಹಿಂದೆ ಸರಿದು, ಇಗರ್ಜಿಯ ಸಮಾಧಿ ಜಾಗದಲ್ಲಿ ಕರಡ ಸೊಂಟದವರೆಗೆ ಬೆಳೆದಿರುತ್ತದೆ. ಬಾಯಮ್ಮ ಕತ್ತಿ ಹಿಡಿದು ಹೋಗಿ ಗಂಡನ ಸುತ್ತ ಬೋಳಿಸಿ, ಚಿರೆಕಲ್ಲಿಗೆ ಸುಣ್ಣ ಬಳಿದು ಬರುತ್ತಾರೆ. ಅಂದು ಮೇಣದಬತ್ತಿಯ ಜೊತೆ ಭಟ್ಕಳ ಮಲ್ಲಿಗೆಯ ದಂಡೆಯೂ ಆಗಬೇಕು. “ಅವರು ಇದ್ದಾಗ ನಂಗೆ ತಂದು ಕೊಡ್ತಿದ್ರು. ಈಗ ನಾನು ಕೊಡೂದು. ರೇಟು ಮಾತ್ರ ಆಗಿಂದಲ್ಲ.”

ಅದಕ್ಕೆ ಮೊದಲು ಪಟ್ಟಿ ಆಗಬೇಕು. ಪಾದ್ರಿಗೆ ಓದಲು ಅಕ್ಷರ ಸ್ಪಷ್ಟ ಇರಲಿ ಎಂದು ಅದನ್ನು ಟೈಪು ಮಾಡಿಸಲು ನನ್ನ ಹತ್ತಿರ ತರುತ್ತಾರೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ನಡುವೆ ಮಡಚಿ, ಎಡಕ್ಕೆ ಬದುಕಿರುವವರು, ಬಲಕ್ಕೆ ಹೋದವರು. ಎಡದಲ್ಲಿ ಹೆಸರಿನ ಮುಂದೆ ಕಾರಣ: ದುಬೈಯ ಮಗನಿಗೆ ವೀಸಾ, ಸೊಸೆಗೆ ಹೆರಿಗೆ, ಅಣ್ಣನಿಗೆ ಸಕ್ಕರೆ ಕಾಯಿಲೆ. ಬಲದಲ್ಲಿ ಬರೀ ಹೆಸರು, ಹಿಂದೆ ಪುಟ್ಟ ಶಿಲುಬೆ. ಅದೇ ಹಾಳೆಯನ್ನು ಪ್ರತಿ ವರ್ಷ ತರುವುದರಿಂದ ಮೇಲೆ ತಿದ್ದುಪಡಿಗಳು ತುಂಬಿವೆ. ಹೋದ ಸಲ ಅಣ್ಣನ ಹೆಸರಿನಿಂದ ಒಂದು ಬಾಣ ಹೊರಟು, ಮಡಿಕೆಯ ಗೆರೆ ದಾಟಿ, ಬಲಗಡೆ ಅವರ ತಾಯಿಯ ಹೆಸರಿನ ಕೆಳಗೆ ನಿಂತಿತ್ತು. ‘ಸಕ್ಕರೆ ಕಾಯಿಲೆ’ ಎಂಬುದನ್ನು ಹೊಡೆದು ಹಾಕಿದ್ದರು, ಎರಡು ಸಲ.

ಪೂಜೆಗೆ ಕೊಡುವ ಕಾಣಿಕೆಯ ವಿಚಾರದಲ್ಲಿ ರೋಮಿನವರು ಬಲು ಹುಷಾರು. ವ್ಯಾಪಾರದ ವಾಸನೆಯೂ ಬರಬಾರದೆಂದು ಅವರ ಕಾನೂನೇ ಹೇಳುತ್ತದೆ, ಲೆಕ್ಕಕ್ಕೆ ಬೇರೆ ಪುಸ್ತಕ ಇಡಬೇಕೆನ್ನುತ್ತದೆ. ಹತ್ತಾರು ಜನರ ಕಾಣಿಕೆ ಕಲೆಹಾಕಿ ಒಂದೇ ಪೂಜೆಯಲ್ಲಿ ಮುಗಿಸುವುದಕ್ಕೆ 1991ರಲ್ಲಿ ವಾರಕ್ಕೆ ಎರಡೇ ದಿನ ಎಂದು ಮಿತಿ ಹಾಕಿದರು. ನವೆಂಬರಿನಲ್ಲಿ ಮಾತ್ರ ಲಕೋಟೆಗಳು ಒಟ್ಟಿಗೇ ಪೀಠದ ಹತ್ತಿರ ಕೂರುತ್ತವೆ. ಜೆರೋಮ್ ಬಂದು ನೋಡಿದರೂ, ಒಳಗಿನ ಮೊತ್ತ ಯಾರೂ ಓದುವುದಿಲ್ಲವಾದ್ದರಿಂದ, ಗೊಣಗಲಾರ.

ಅದೇ ಸಲ ಟೈಪು ಮುಗಿಯುವ ಹೊತ್ತಿಗೆ ಬಾಯಮ್ಮ, “ನಿಮ್ಮ ಅಮ್ಮನ ಹೆಸರು ಹಾಕಿ, ಕೊನೇಲಿ,” ಎಂದರು. ನನ್ನ ತಾಯಿ ಹೋಗಿ ಆಗ ಐದಾರು ತಿಂಗಳು. ಇಬ್ಬರೂ ಬೇಲಿಯ ಎರಡು ಬದಿ ನಿಂತು ಬಂಗಡೆಯ ರೇಟನ್ನೂ ಸೊಸೆಯರ ನಡವಳಿಕೆಯನ್ನೂ ನಲವತ್ತು ವರ್ಷ ಚರ್ಚಿಸಿದವರು. ನಾನು, ಅಲ್ಲ, ಅದು ನಡೆಯುತ್ತದೆಯೇ ಎಂದೆ. “ಪಾದ್ರಿನ್ನ ಕೇಳಿದ್ದೇನೆ. ಯಾರಿಗೆ ಬೇಕಾದ್ರೂ ಆಗ್ತದಂತೆ.” ಆಮೇಲೆ ಹುಡುಕಿ ನೋಡಿದೆ. 1983ರ ಅವರ ಕಾನೂನಿನ 901ನೆಯ ನಿಯಮ ನಿಜಕ್ಕೂ ಅದನ್ನೇ ಹೇಳುತ್ತದೆ: ಬದುಕಿರುವ ಅಥವಾ ಸತ್ತ ಯಾರಿಗಾಗಿಯೂ ಪೂಜೆ ಅರ್ಪಿಸಬಹುದು. ಅಮ್ಮನ ಹೆಸರು ಟೈಪಿಸಿದೆ. ‘ದಿ’ ಹಾಕಲು ಹೋದ ಬೆರಳನ್ನು ಬಾಯಮ್ಮ ತಡೆದರು. “ಅದೆಲ್ಲ ಬೇಡ. ಈ ಬದಿಯಲ್ಲಿ ಇದ್ದಾರೆ ಅಂದ ಮೇಲೆ ಗೊತ್ತಾಗ್ತದೆ.”

ಉಪಕಾರ ಇಟ್ಟುಕೊಳ್ಳುವುದು ನಮ್ಮ ಜಾಯಮಾನವಲ್ಲ. ಮರುವರ್ಷ ಮಹಾಲಯಕ್ಕೆ ನಮ್ಮ ಪುರೋಹಿತರು ಭಟ್‌ಮಾಮ್ ಮನೆಗೆ ಬಂದರು. ತಂದೆಯ ಕಡೆ ಮೂರು ತಲೆಮಾರು, ತಾಯಿಯ ಕಡೆಯವರು, ಅತ್ತೆ, ಸೋದರಮಾವ ಎಲ್ಲರಿಗೂ ಎಳ್ಳುನೀರು ಬಿಟ್ಟಾಯಿತು. ಗುರುಗಳಿಗೆ, ಮಿತ್ರರಿಗೆ ಎಂಬ ಜಾಗ ಬಂದಾಗ, ಒಂದು ಹೆಸರಿದೆ ಎಂದು ಬಾಯಮ್ಮನ ಗಂಡನ ಹೆಸರು ಹೇಳಿದೆ. ಭಟ್‌ಮಾಮ್ ದರ್ಭೆ ಹಿಡಿದ ಕೈಯನ್ನು ಹಾಗೇ ಮೇಲೆ ನಿಲ್ಲಿಸಿ ನನ್ನ ಮುಖ ನೋಡಿದರು. ಸೇಂಟ್ ಪೀಟರನ ಹೆಸರಿನ ಮೇಲೆ ಇಟ್ಟ ಹೆಸರು ಅದು, ಯಾವ ವಿಭಕ್ತಿಗೂ ಬಗ್ಗುವಂಥದ್ದಲ್ಲ.

“ಗೋತ್ರ?”

“ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ನೀವೇ ಹೇಳ್ತೀರಲ್ಲ ಮಾಮ್.”

ಸ್ವಲ್ಪ ಹೊತ್ತು ಯೋಚಿಸಿದರು. “ಇಂಜಿನ್ ರಿಪೇರಿಯವರಲ್ಲವೋ? ನಮ್ಮ ಬಾವಿಯ ಪಂಪು ಅವರೇ ಸರಿಮಾಡಿದ್ದು,” ಎಂದು ಹೇಳಿ, ಕಾಶ್ಯಪ ಗೋತ್ರಕ್ಕೆ ಸೇರಿಸಿ, ಎರಡು ಸಲ ನೀರು ಬಿಡಿಸಿದರು.